ತೊಗಲಿನ ಮೇಲೆ ಓದಿದ ತೀರ್ಪು

ಬೈಪಾಸ್ ಆದವರನ್ನು ನೋಡಲು ಹೋದವರು ಎಷ್ಟು ಬ್ಲಾಕ್ ಇತ್ತು, ಆಪರೇಷನ್ ಎಷ್ಟು ಹೊತ್ತು ಹಿಡಿಯಿತು, ಈಗ ಹಾರ್ಟ್ ಹೇಗಿದೆ ಎಂದೆಲ್ಲ ವಿಚಾರಿಸುತ್ತಾರೆ. ಎದೆಯ ಮೇಲಿನ ತೊಗಲು ಹೇಗಿದೆ ಎಂದು ಕೇಳುವವರು ಅಪರೂಪ. ಕೇಳದಿದ್ದರೆ ತಪ್ಪೇನು, ರಿಪೇರಿ ಆದದ್ದು ಒಳಗೆ, ತೊಗಲು ಅಲ್ಲಿಗೆ ಹೋಗುವ ದಾರಿ ಮಾತ್ರ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಇಷ್ಟು ಸಲೀಸಾಗಿ ಅನ್ನಿಸುವುದರ ಹಿಂದೆ ಒಂದು ಹಳೆಯ ತತ್ತ್ವಜ್ಞಾನ ಕೂತಿದೆ. ಒಳಗಿರುವುದು ನಿಜ, ಹೊರಗಿರುವುದು ತೋರಿಕೆ. ಹೃದಯ ತಿರುಳು, ಚರ್ಮ ಸಿಪ್ಪೆ. ಇದನ್ನು ನಾವು ಆಸ್ಪತ್ರೆಯಲ್ಲಿ ಕಲಿತದ್ದಲ್ಲ, ಹರಿಕಥೆ ಪ್ರವಚನಗಳಲ್ಲಿ ಕೇಳಿ ಬೆಳೆದದ್ದು. ಸೋಜಿಗವೆಂದರೆ ಅದೇ ಪರಂಪರೆ ಚರ್ಮದ ಬಗ್ಗೆ ಇನ್ನೊಂದು ಮಾತನ್ನೂ ಆಡುತ್ತದೆ: ಚರ್ಮಕ್ಕೆ ಬಂದದ್ದು ಬರೀ ರೋಗವಲ್ಲ, ಪಾಪದ ಗುರುತು, ಎಲ್ಲರೂ ಓದಲೆಂದು ಮೈಮೇಲೆ ಬರೆದ ತೀರ್ಪು. ಒಂದು ಕಡೆ ಚರ್ಮಕ್ಕೆ ಕವಡೆ ಕಿಮ್ಮತ್ತಿಲ್ಲ. ಇನ್ನೊಂದು ಕಡೆ ಮನುಷ್ಯನ ಜನ್ಮಾಂತರದ ಲೆಕ್ಕವನ್ನು ದೈವ ಬರೆದಿಡುವುದೇ ಅದರ ಮೇಲೆ. ಎರಡೂ ಒಟ್ಟಿಗೆ ನಿಜವಾಗಲಾರವು. ಎರಡೂ ತಪ್ಪು ಎಂಬುದು ನನ್ನ ವಾದ. ಅದಕ್ಕೆ ಬಲವಾದ ಸಾಕ್ಷಿ ಸಿಗುವುದು ಹೃದಯ ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ, ತೀವ್ರ ಚರ್ಮರೋಗವಿರುವ ಒಬ್ಬರು ಅಲ್ಲಿ ಚೇತರಿಸಿಕೊಳ್ಳಲು ಪಡುವ ಪಾಡಿನಲ್ಲಿ.

ಮೊದಲು ಶಾಸ್ತ್ರದ ಕಡೆ ನೋಡೋಣ. ಕಠೋಪನಿಷತ್ತು ಹೆಬ್ಬೆರಳ ಗಾತ್ರದ ಪುರುಷನನ್ನು ಹೃದಯದಲ್ಲಿ ಕೂರಿಸಿತು. ಛಾಂದೋಗ್ಯದ ಎಂಟನೆಯ ಅಧ್ಯಾಯ ಹೃದಯದೊಳಗಿನ ಪುಟ್ಟ ಆಕಾಶದಲ್ಲಿ ಭೂಮಿ, ಬಾನು, ಸೂರ್ಯ, ಚಂದ್ರರೆಲ್ಲ ಅಡಗಿದ್ದಾರೆ ಎಂದಿತು. ಋಷಿಗಳು ಹೇಳಿದ ಆ ಹೃದಯ ರಕ್ತ ಪಂಪು ಮಾಡುವ ಮಾಂಸದ ಚೀಲವಲ್ಲ ಎಂದು ಪಂಡಿತರು ತಿದ್ದುತ್ತಾರೆ, ಸರಿಯೇ. ಆದರೆ ಮಾಂಸದ ಚೀಲಕ್ಕೂ ಆ ಗೌರವದ ಪಾಲು ಸಂದಿದೆ. ಹೃದಯರೋಗಿಯನ್ನು ಕಂಡಾಗ ದನಿ ತಗ್ಗಿಸಿ ಮಾತಾಡುವ ನಮ್ಮ ರೂಢಿಯಲ್ಲಿ ಅದು ಕಾಣುತ್ತದೆ. ಚರ್ಮಕ್ಕೆ ಈ ಭಾಗ್ಯ ಬರಲಿಲ್ಲ. ಥೇರವಾದಿ ಬೌದ್ಧ ಸಂಘದಲ್ಲಿ ತಲೆ ಬೋಳಿಸಿ ದೀಕ್ಷೆ ಕೊಡುವ ಹೊತ್ತಿಗೇ ಹೊಸಬನಿಗೆ ಧ್ಯಾನಕ್ಕೆಂದು ಐದು ವಸ್ತುಗಳನ್ನು ಹೇಳಿಕೊಡುತ್ತಾರೆ: ತಲೆಗೂದಲು, ಮೈಗೂದಲು, ಉಗುರು, ಹಲ್ಲು, ಚರ್ಮ. ದೇಹದ ಭಾಗಗಳ ಪೂರ್ತಿ ಪಟ್ಟಿ 32ರವರೆಗೆ ಹೋಗುತ್ತದೆ, ಮೊದಲ ಪಾಠ ಮಾತ್ರ ಚರ್ಮಕ್ಕೆ ನಿಲ್ಲುತ್ತದೆ. ಮೋಹ ನಿಲ್ಲುವುದೂ ಅಲ್ಲಿಯೇ ತಾನೆ. ಜೈನರ ಹನ್ನೆರಡು ಅನುಪ್ರೇಕ್ಷೆಗಳಲ್ಲಿ ದೇಹದ ಅಶುಚಿತ್ವವನ್ನು ನೆನೆಯುವುದೂ ಒಂದು. ನಮ್ಮ ವೈರಾಗ್ಯ ಕಾವ್ಯಗಳಿಗಂತೂ ಮೈ ಎಂದರೆ ಎಲುಬು, ಮಾಂಸಗಳನ್ನು ತುಂಬಿ ಹೊಲಿದ ತೊಗಲಿನ ಚೀಲ. ಎಲ್ಲ ಕಡೆಯೂ ಚರ್ಮ ಒಂದು ಮೋಸ, ಅದರಾಚೆ ನೋಡುವವನೇ ಜಾಣ.

ಇನ್ನು ಎರಡನೆಯ ಮಾತು. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿ ಹಿಂದಿನ ಪಾಪಗಳ ಗುರುತುಗಳ ಪಟ್ಟಿಯಿದೆ. ಚಿನ್ನ ಕದ್ದವನಿಗೆ ಉಗುರು ಕೆಡುತ್ತದೆ, ಸುರೆ ಕುಡಿದವನಿಗೆ ಹಲ್ಲು ಕಪ್ಪಾಗುತ್ತದೆ, ಗುರುಪತ್ನಿಯನ್ನು ಕೂಡಿದವನಿಗೆ ಚರ್ಮ ಕೆಡುತ್ತದೆ, ಬಟ್ಟೆ ಕದ್ದವನಿಗೆ ತೊನ್ನು ಬರುತ್ತದೆ. ಪರರ ಹೊದಿಕೆ ಕದ್ದವನ ಹೊದಿಕೆಯೇ ಕೆಡಬೇಕೆಂಬ ಈ ಲೆಕ್ಕಾಚಾರದಲ್ಲಿ ಕವಿಯ ಜಾಣತನವೂ ಇದೆ, ಕ್ರೌರ್ಯವೂ ಇದೆ. ವೈದ್ಯಗ್ರಂಥಗಳು ಇನ್ನಷ್ಟು ಎಚ್ಚರದಿಂದ ಬರೆಯುತ್ತವೆ. ಚರಕಸಂಹಿತೆ ಕುಷ್ಠಕ್ಕೆ ವಿರುದ್ಧಾಹಾರ, ಮಲಮೂತ್ರಾದಿ ವೇಗಗಳನ್ನು ತಡೆಯುವುದು, ಬಿಸಿಲಲ್ಲಿ ಬೆಂದು ಬಂದವನು ತಣ್ಣೀರಿಗೆ ಇಳಿಯುವುದು ಮೊದಲಾದ ಕಾರಣಗಳನ್ನು ಕೊಟ್ಟು, ಅವುಗಳ ಜೊತೆಗೆ ಗುರುಹಿರಿಯರ ತಿರಸ್ಕಾರ ಮತ್ತು ಪಾಪಕರ್ಮಗಳನ್ನೂ ಸೇರಿಸುತ್ತದೆ. ತೊನ್ನಿನ ವಿಷಯಕ್ಕೆ ಬಂದಾಗ ಸುಳ್ಳು ಮತ್ತು ಕೃತಘ್ನತೆಯೇ ಮುಂದಕ್ಕೆ ಬರುತ್ತವೆ. ಕೃಷ್ಣನ ಶಾಪದಿಂದ ಕುಷ್ಠಕ್ಕೆ ಈಡಾದ ಸಾಂಬ ಸೂರ್ಯನನ್ನು ಆರಾಧಿಸಿ ಗುಣವಾದ ಕಥೆ ಪುರಾಣದಲ್ಲಿದೆ. ಕರಾವಳಿ ಮಲೆನಾಡುಗಳಲ್ಲಿ ಮೈ ಹೊಟ್ಟೆದ್ದರೆ ಇಂದಿಗೂ ಮೊದಲು ನೆನಪಾಗುವುದು ನಾಗದೋಷ. ಕುಕ್ಕೆ ಸುಬ್ರಹ್ಮಣ್ಯದ ಹುತ್ತದ ಮಣ್ಣು ಚರ್ಮರೋಗಕ್ಕೆ ಮದ್ದೆಂದು ಮನೆಮನೆಗೆ ಬರುತ್ತದೆ. ಅಲ್ಲಿಯ ಮಡೆಸ್ನಾನಕ್ಕೆ 2014ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಡುವ ತನಕ ಎಂಜಲೆಲೆಗಳ ಮೇಲೆ ಉರುಳುತ್ತಿದ್ದವರಲ್ಲಿ ಬಹಳ ಮಂದಿಯ ಹರಕೆ ಚರ್ಮವ್ಯಾಧಿಯದೇ. ಇದು ನಮ್ಮೊಬ್ಬರ ಗುಣವೂ ಅಲ್ಲ. ಬೈಬಲ್ಲಿನ ಯಾಜಕಕಾಂಡದ ಹದಿಮೂರನೆಯ ಅಧ್ಯಾಯದಲ್ಲಿ ಚರ್ಮದ ಕಲೆಯನ್ನು ಪರೀಕ್ಷಿಸಿ ಶುದ್ಧ ಅಶುದ್ಧ ಎಂದು ಸಾರುವವನು ವೈದ್ಯನಲ್ಲ, ಪುರೋಹಿತ.

ಈಗ ಆಪರೇಷನ್ ಥಿಯೇಟರಿಗೆ ಬರೋಣ. ಬೈಪಾಸ್‌ನಲ್ಲಿ ಎದೆಯ ನಡುವೆ ಮೇಲಿಂದ ಕೆಳಕ್ಕೆ ಚರ್ಮ ಕೊಯ್ದು, ಎದೆಮೂಳೆಯನ್ನು ಗರಗಸದಿಂದ ಉದ್ದಕ್ಕೆ ಸೀಳಿ, ಎರಡೂ ಪಕ್ಕೆಗಳನ್ನು ಅಗಲಿಸಿ ಹೃದಯವನ್ನು ತಲುಪುತ್ತಾರೆ. ಹೊಸ ರಕ್ತದಾರಿಗೆ ಬೇಕಾದ ನಾಳವನ್ನು ಎದೆಗೂಡಿನ ಒಳಗೋಡೆಯಿಂದಲೂ ಕಾಲಿನಿಂದಲೂ ತೆಗೆಯುತ್ತಾರೆ. ಕಾಲಿನದಾದರೆ ಪಾದದ ಗಂಟಿನಿಂದ ತೊಡೆಯ ಕಡೆಗೆ ಇನ್ನೊಂದು ಉದ್ದನೆಯ ಗಾಯ. ಕೊನೆಗೆ ಮೂಳೆಯನ್ನು ಉಕ್ಕಿನ ತಂತಿಯಿಂದ ಬಿಗಿದು ಚರ್ಮವನ್ನು ಹೊಲಿಯುತ್ತಾರೆ. ಮೂಳೆ ಕೂಡಿಕೊಳ್ಳಲು ಎಂಟರಿಂದ ಹನ್ನೆರಡು ವಾರ ಬೇಕು. ಆ ಅವಧಿಯುದ್ದಕ್ಕೂ ಸೀಳಿದ ಮೂಳೆಗೂ ಹೊರಗಿನ ಲೋಕಕ್ಕೂ ನಡುವೆ ನಿಂತಿರುವುದು ಹೊಲಿದ ತೊಗಲು. ಅದು ತಡೆದುಕೊಂಡರೆ ಒಳಗಿನ ಕೆಲಸ ಉಳಿಯಿತು. ತಡೆದುಕೊಳ್ಳದಿದ್ದರೆ ಮೇಲಿನ ಬ್ಯಾಕ್ಟೀರಿಯಾ ಕೆಳಗಿಳಿದು ಮೂಳೆ ಕೊಳೆತು, ಹೃದಯದ ಸುತ್ತಲಿನ ಜಾಗಕ್ಕೇ ಕೀವು ತುಂಬಬಹುದು. ಹೀಗಾಗುವುದು ನೂರರಲ್ಲಿ ಒಬ್ಬಿಬ್ಬರಿಗೆ. ಆದರೆ ಆದವರಿಗೆ ಗಾಯ ಬಿಚ್ಚಿ ತೊಳೆಯುವುದು, ಕೆಟ್ಟ ಮೂಳೆ ಕೆರೆಯುವುದು, ಎದೆಯ ಮಾಂಸಖಂಡವನ್ನು ತಿರುಗಿಸಿ ಹೊದಿಸುವುದು, ವಾರಗಟ್ಟಲೆ ಆಂಟಿಬಯೋಟಿಕ್, ಪ್ರಾಣಕ್ಕೇ ಅಪಾಯ. ಹೀಗೆ ಸೋಂಕು ತರುವ ಜೀವಿಗಳಲ್ಲಿ ಮುಖ್ಯವಾದದ್ದು ಸ್ಟೆಫೈಲೊಕಾಕಸ್ ಆರಿಯಸ್. ಅದು ಎಲ್ಲಿಂದಲೋ ಹಾರಿ ಬರಬೇಕಾಗಿಲ್ಲ. ಸಾಮಾನ್ಯವಾಗಿ ರೋಗಿಯ ಮೂಗಿನಲ್ಲಿ, ರೋಗಿಯ ಚರ್ಮದ ಮೇಲೆಯೇ ಅದು ವಾಸವಾಗಿರುತ್ತದೆ.

ಆರೋಗ್ಯವಂತರಲ್ಲಿ ಈ ಜೀವಿಯನ್ನು ಮೂಗಿನಲ್ಲಿ ಹೊತ್ತವರು ಸುಮಾರು ಮೂರರಲ್ಲೊಬ್ಬರು ಇದ್ದಾರು. ತೀವ್ರ ಎಗ್ಜಿಮಾ ಇರುವವರಲ್ಲಿ ಬಹುಪಾಲು ಮಂದಿಯ ಕೆರೆದ ಗಾಯಗಳ ಮೇಲೆಯೇ ಅದು ಬೀಡುಬಿಟ್ಟಿರುತ್ತದೆ. ಚರ್ಮದ ತುತ್ತತುದಿಯ ಪದರ ಕಾಗದಕ್ಕಿಂತ ತೆಳು, ಸತ್ತ ಕೋಶಗಳ ಪದರ. ವೈರಾಗ್ಯ ಕವಿಗಳಿಗೆ ಇದಕ್ಕಿಂತ ನಿಸ್ಸಾರವಾದ ವಸ್ತು ಸಿಕ್ಕುವಂತಿಲ್ಲ. ಆದರೂ ನೀರನ್ನು ಒಳಗೆ, ರೋಗಾಣುವನ್ನು ಹೊರಗೆ ಇರಿಸುವುದು ಅದೇ. ಸಾಮಾನ್ಯ ಚರ್ಮದಲ್ಲಿ ಹೊಸ ಕೋಶ ಹುಟ್ಟಿ ಮೇಲೆ ಬಂದು ಉದುರಲು ಸುಮಾರು ಒಂದು ತಿಂಗಳು. ಸೋರಿಯಾಸಿಸ್‌ನಲ್ಲಿ ಅದು ನಾಲ್ಕೈದು ದಿನಕ್ಕೆ ಇಳಿಯುತ್ತದೆ. ಬಲಿಯದ ಕೋಶಗಳು ಒಂದರ ಮೇಲೊಂದು ಕೂತು ಬೆಳ್ಳಿ ಬಣ್ಣದ ಹೊಟ್ಟು ಏಳುತ್ತದೆ. ಆಪರೇಷನ್ನಿನ ಮುನ್ನ ಮೈ ಶುದ್ಧಮಾಡಲು ಹಚ್ಚುವ ಔಷಧ ಆ ಹೊಟ್ಟಿನ ಅಡಿಯನ್ನು ತಲುಪುವುದು ಕಷ್ಟ. ಕೆಲವರ ಚರ್ಮವನ್ನು ಅದೇ ಔಷಧ ಕೆರಳಿಸುತ್ತದೆ. ಇಸಿಜಿಗೆ ಅಂಟಿಸಿದ ಬಿಲ್ಲೆಯನ್ನು ನರ್ಸ್ ಎಷ್ಟೇ ನಾಜೂಕಾಗಿ ಕಿತ್ತರೂ ಕೆಂಪು ಹೊಪ್ಪಳೆಯ ಅಂಚು ಅದರ ಜೊತೆಗೇ ಎದ್ದುಬರುತ್ತದೆ, ಸಣ್ಣ ರಕ್ತದ ಚುಕ್ಕಿಗಳು ಮೂಡುತ್ತವೆ. ಡ್ರೆಸ್ಸಿಂಗಿನ ಟೇಪಿನದೂ ಅದೇ ಕಥೆ. ರಾತ್ರಿ ಎದೆಯ ಮೇಲೆ ದಿಂಬು ಅವುಚಿಕೊಂಡು ಕೆಮ್ಮಬೇಕು, ಕೈಯೂರಿ ಏಳಬಾರದು, ತೋಳು ಚಾಚಬಾರದು. ಅಷ್ಟರಲ್ಲಿ ಕಾಲಿನ ಬಿಗಿ ಸ್ಟಾಕಿಂಗಿನ ಒಳಗೆ, ನಾಳ ತೆಗೆದ ಗಾಯದ ಆಚೀಚೆ ತುರಿಕೆ ಶುರುವಾಗುತ್ತದೆ. ಕೆರೆದರೆ ಗಾಯ ಕೆಡುತ್ತದೆ, ಕೆರೆಯದಿದ್ದರೆ ನಿದ್ದೆಯಿಲ್ಲ, ನಿದ್ದೆಯಿಲ್ಲದೆ ಚೇತರಿಕೆಯಿಲ್ಲ.

ಗಾಯವೇ ರೋಗವನ್ನು ಕರೆಯುವ ಇನ್ನೊಂದು ವಿಚಿತ್ರವಿದೆ. ಬ್ರೆಸ್ಲೌ ನಗರದ ಚರ್ಮತಜ್ಞ ಹೈನ್ರಿಶ್ ಕೋಬ್ನರ್ 1870ರ ದಶಕದಲ್ಲಿ ಅದನ್ನು ವಿವರಿಸಿದ. ಸೋರಿಯಾಸಿಸ್ ಇರುವವರಿಗೆ ಚರ್ಮಕ್ಕೆ ಎಲ್ಲಿ ಪೆಟ್ಟಾಯಿತೋ ಅಲ್ಲಿ, ಅದೇ ಆಕಾರದಲ್ಲಿ, ಹೊಸ ಹೊಪ್ಪಳೆ ಏಳಬಹುದು. ಕುದುರೆ ಕಚ್ಚಿದ ಜಾಗದಲ್ಲಿ, ಹಚ್ಚೆ ಹಾಕಿಸಿಕೊಂಡ ಗೆರೆಯ ಮೇಲೆ. ಶಸ್ತ್ರವೈದ್ಯರು ಎಳೆದ ಗೆರೆಯೂ ಚರ್ಮದ ಪಾಲಿಗೆ ಒಂದು ಪೆಟ್ಟು. ಎಲ್ಲರಿಗೂ ಹೀಗಾಗುವುದಿಲ್ಲ, ಆದವರಿಗೆ ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಹೊಲಿಗೆಯ ಗುಂಟ ರೋಗ ಮೂಡುತ್ತದೆ. ಔಷಧಗಳೂ ಒಂದಕ್ಕೊಂದು ಅಡ್ಡ ಬರುತ್ತವೆ. ಹೃದಯದ ಬಡಿತ ಹಿಡಿತದಲ್ಲಿಡಲು ಕೊಡುವ ಬೀಟಾ ಬ್ಲಾಕರ್ ಕೆಲವರಲ್ಲಿ ಸೋರಿಯಾಸಿಸ್ಸನ್ನು ಕೆರಳಿಸುತ್ತದೆ. ಸೋರಿಯಾಸಿಸ್ಸಿಗೆ ಕೊಡುವ ಟಿಎನ್‌ಎಫ್ ನಿರೋಧಕ ಇಂಜೆಕ್ಷನ್ನುಗಳನ್ನು ಹೃದಯ ತೀರ ಸೋತವರಿಗೆ ಕೊಡಲು ವೈದ್ಯರು ಹಿಂಜರಿಯುತ್ತಾರೆ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ಮುಂದುವರಿಸಿದರೆ ಸೋಂಕಿನ ಭಯ, ನಿಲ್ಲಿಸಿದರೆ ಚರ್ಮ ಮತ್ತೆ ಸಿಡಿದೇಳುವ ಭಯ. ರೋಗ ಮೈಯೆಲ್ಲ ವ್ಯಾಪಿಸಿ, ನೂರಕ್ಕೆ ತೊಂಬತ್ತು ಭಾಗ ಚರ್ಮ ಕೆಂಪಾಗಿ ಸುಲಿಯತೊಡಗಿದರೆ ಅದು ಎರಿತ್ರೋಡರ್ಮಾ. ಆಗ ರಕ್ತದ ದೊಡ್ಡ ಪಾಲು ಚರ್ಮದ ಕಡೆಗೆ ಹರಿಯುತ್ತದೆ, ಶಾಖ, ನೀರು, ಪ್ರೋಟೀನು ಸೋರಿಹೋಗುತ್ತವೆ. ಆ ಹರಿವನ್ನು ತುಂಬಿಕೊಡಲು ಹೃದಯ ಏದುಸಿರು ಬಿಡುತ್ತಾ ದುಡಿಯಬೇಕು. ಗಟ್ಟಿಮುಟ್ಟಾದ ಹೃದಯವೂ ಸೋಲಬಹುದಾದ ದುಡಿಮೆ ಅದು. ಮೊನ್ನೆ ಮೊನ್ನೆ ಹೊಲಿಸಿಕೊಂಡ ಹೃದಯದ ಗತಿ ಹೇಳಬೇಕೆ? ಇಲ್ಲಿ ಯಾವುದು ತಿರುಳು, ಯಾವುದು ಸಿಪ್ಪೆ?

ಇಷ್ಟು ಸಾಲದೆಂಬಂತೆ ಇನ್ನೊಂದು ಸಂಗತಿ. ಜೋಯಲ್ ಗೆಲ್ಫಾಂಡ್ ಮತ್ತು ಸಂಗಡಿಗರು ಬ್ರಿಟನ್ನಿನ ವೈದ್ಯರ ದಾಖಲೆಗಳನ್ನು ಜಾಲಾಡಿ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತೀವ್ರ ಸೋರಿಯಾಸಿಸ್ ಇರುವ 30 ವರ್ಷದವರಿಗೆ ಹೃದಯಾಘಾತದ ಸಂಭವ ಅದೇ ವಯಸ್ಸಿನ ಇತರರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು. ವಯಸ್ಸಾದಂತೆ ಈ ಅಂತರ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಅಮೆರಿಕದ ಹೃದ್ರೋಗ ಸಂಘಟನೆಗಳ 2018ರ ಕೊಲೆಸ್ಟರಾಲ್ ಮಾರ್ಗಸೂಚಿ ಸೋರಿಯಾಸಿಸ್‌ನಂಥ ದೀರ್ಘಕಾಲದ ಉರಿಯೂತದ ಕಾಯಿಲೆಗಳನ್ನು ಅಪಾಯ ಹೆಚ್ಚಿಸುವ ಅಂಶಗಳ ಪಟ್ಟಿಗೆ ಸೇರಿಸಿತು. ಕಾರಣ ಪೂರ್ತಿ ಬಿಡಿಸಿದ್ದಾಗಿಲ್ಲ. ಸ್ಥೂಲಕಾಯ, ಸಿಗರೇಟು, ಸಕ್ಕರೆ ಕಾಯಿಲೆಗಳೂ ಈ ರೋಗಿಗಳಲ್ಲಿ ಹೆಚ್ಚು, ಅವುಗಳ ಪಾಲೂ ಇದೆ. ಆದರೆ ಚರ್ಮವನ್ನು ಸುಡುವ ಉರಿಯೂತದ ರಾಸಾಯನಿಕಗಳು ಚರ್ಮದಲ್ಲೇ ನಿಲ್ಲದೆ ರಕ್ತದಲ್ಲಿ ಹರಿದು ರಕ್ತನಾಳದ ಒಳಗೋಡೆಯನ್ನೂ ಕೆಣಕುತ್ತವೆ ಎಂಬುದನ್ನು ಇಂದು ಬಹುಪಾಲು ಸಂಶೋಧಕರು ಒಪ್ಪುತ್ತಾರೆ. ಮೊಣಕೈಯ ಮೇಲಿನ ಹೊಪ್ಪಳೆಯೂ ಹೃದಯದ ಬ್ಲಾಕೂ ಎಷ್ಟೋ ಸಲ ಒಂದೇ ಬೆಂಕಿಯ ಎರಡು ಕಿಡಿಗಳು.

ನನ್ನ ವಾದದ ಮೊಳೆ ಇರುವುದು ಇಲ್ಲಿ. ಒಂದೇ ಮೈ, ಒಂದೇ ಉರಿಯೂತ, ಎರಡು ಕಾಯಿಲೆ. ಹೃದಯದ ಕಾಯಿಲೆಗೆ ನಾವು ಕೊಡುವ ಕಾರಣಗಳು ಟೆನ್ಷನ್, ಎಣ್ಣೆ ಪದಾರ್ಥ, ಮನೆತನ, ದುಡಿಮೆಯ ಭಾರ. ಅವುಗಳಲ್ಲಿ ಕೆಲವು ಗೌರವದ ಪದಕಗಳಂತೆಯೇ ಇವೆ. ಮನೆಗಾಗಿ ಜೀವ ತೇದವರು ಎಂಬ ಮಾತು ಹೃದಯಾಘಾತದ ಹಿಂದೆಯೇ ಬರುತ್ತದೆ. ಚರ್ಮದ ಕಾಯಿಲೆಗೆ ಕೊಡುವ ಕಾರಣಗಳು ಶಾಪ, ದೋಷ, ಕೊಳಕು, ಯಾರಿಗೋ ಮಾಡಿದ ಅನ್ಯಾಯ. ಹೃದಯರೋಗಿಯ ತಟ್ಟೆಯನ್ನು ಯಾರೂ ಬೇರೆ ಇಡುವುದಿಲ್ಲ, ಸೋರಿಯಾಸಿಸ್ ಅಂಟುವುದಿಲ್ಲ ಎಂದು ಎಷ್ಟು ಸಲ ಹೇಳಿದರೂ ಆ ರೋಗಿಯ ತಟ್ಟೆ ಲೋಟ ಬೇರೆಯಾಗುತ್ತವೆ. ಕರ್ಮ ನಿಜವಾಗಿಯೂ ರೋಗ ಕೊಡುವುದಾದರೆ ಎರಡನ್ನೂ ಕೊಟ್ಟದ್ದು ಅದೇ ತಾನೆ? ಹಾಗಾದರೆ ಒಂದಕ್ಕೆ ಮರುಕ, ಇನ್ನೊಂದಕ್ಕೆ ಅನುಮಾನ ಏಕೆ? ವ್ಯತ್ಯಾಸ ಒಂದೇ: ಒಂದು ಕಣ್ಣಿಗೆ ಕಾಣುತ್ತದೆ, ಇನ್ನೊಂದು ಕಾಣುವುದಿಲ್ಲ. ಅಂದರೆ ತೀರ್ಪು ಕೊಟ್ಟದ್ದು ಕರ್ಮವಲ್ಲ, ನೋಡುವವರ ಕಣ್ಣು. ಮನುವಿನ ಪಟ್ಟಿಯನ್ನು ಇನ್ನೊಮ್ಮೆ ನೋಡಿದರೆ ಉಗುರು, ಹಲ್ಲು, ಚರ್ಮ, ಬಾಯ ದುರ್ವಾಸನೆ, ಕಡಿಮೆಯ ಅಥವಾ ಹೆಚ್ಚಿನ ಅಂಗ, ಕುಂಟು, ಮೂಕತನ ಹೀಗೆ ಬಹುಪಾಲು ನೆರೆಹೊರೆಯವರ ಗಮನಕ್ಕೆ ಬರುವಂಥವೇ. ಅಜೀರ್ಣದಂಥ ಒಂದೆರಡು ಮಾತ್ರ ಹೊರತು.

ಕರ್ಮವಿಪಾಕದ, ಅಂದರೆ ಯಾವ ಕರ್ಮಕ್ಕೆ ಯಾವ ಫಲ ಎಂದು ಹೇಳುವ, ಮುಂದಿನ ಗ್ರಂಥಗಳು ಒಳಗಿನ ರೋಗಗಳನ್ನೂ ಬಿಟ್ಟಿಲ್ಲ, ಸಿದ್ಧಾಂತದಲ್ಲಿ ಪಕ್ಷಪಾತವಿಲ್ಲ, ದೋಷ ಜನರ ಆಚರಣೆಯದು ಎಂದು ಇದಕ್ಕೆ ಆಕ್ಷೇಪ ಬರಬಹುದು. ಒಪ್ಪುತ್ತೇನೆ. ಸಿದ್ಧಾಂತವನ್ನು ಅದರ ಅತ್ಯಂತ ಶಕ್ತಿಯುತ ರೂಪದಲ್ಲೇ ತೆಗೆದುಕೊಳ್ಳೋಣ: ಎಲ್ಲ ರೋಗವೂ, ಎಲ್ಲ ಆರೋಗ್ಯವೂ, ಹುಟ್ಟು ಸಾವುಗಳೂ ಕರ್ಮಫಲ. ಆದರೆ ಎಲ್ಲವೂ ಕರ್ಮಫಲವಾದ ಕ್ಷಣಕ್ಕೆ ಅದು ಯಾರನ್ನೂ ಬೊಟ್ಟುಮಾಡಿ ತೋರಿಸಲಾರದು. ನೋಡಲು ಬಂದವರ ಮಧುಮೇಹವೂ, ಪುರೋಹಿತರ ಬೆನ್ನುನೋವೂ, ಈ ರೋಗಿಯ ಹೊಟ್ಟೆದ್ದ ಮೈಯೂ ಒಂದೇ ಖಾತೆಯವು. ಯಾವ ಕರ್ಮದ ಫಲ ಯಾವುದು ಎಂದು ಬಿಡಿಸಿ ಹೇಳುವ ಅಧಿಕಾರವನ್ನು ಈ ಪರಂಪರೆಗಳು ಸಾಮಾನ್ಯ ಮನುಷ್ಯನಿಗೆ ಕೊಟ್ಟೂ ಇಲ್ಲ. ಕರ್ಮದ ಗತಿ ಗಹನ ಎಂಬುದು ಗೀತೆಯ ನಿಲುವು, ಕರ್ಮವಿಪಾಕವನ್ನು ಚಿಂತಿಸುತ್ತಾ ಕೂತರೆ ತಲೆ ಕೆಡುತ್ತದೆ ಎಂಬುದು ಬುದ್ಧನ ಎಚ್ಚರಿಕೆ. ಆದ್ದರಿಂದ ಕರ್ಮ ಸಿದ್ಧಾಂತವನ್ನು ಪೂರ್ತಿ ನಂಬುವವರೇ ಚರ್ಮದ ಮೇಲೆ ಪಾಪವನ್ನು ಓದುವ ಅಭ್ಯಾಸವನ್ನು ಮೊದಲು ಬಿಡಬೇಕಾದವರು. ನಂಬದವರಿಗೆ ಈ ತೊಡಕೇ ಇಲ್ಲ.

ಎರಡನೆಯ ಆಕ್ಷೇಪ ವೈರಾಗ್ಯದ ಪಕ್ಷದ್ದು. ದೇಹವನ್ನು ತೊಗಲಿನ ಚೀಲ ಎಂದವರು ವೈದ್ಯಶಾಸ್ತ್ರ ಹೇಳಹೊರಟಿರಲಿಲ್ಲ, ಅದು ಕಾಮಕ್ಕೂ ಅಹಂಕಾರಕ್ಕೂ ಕೊಟ್ಟ ಔಷಧ. ಆತ್ಮಕ್ಕೆ ಎದೆಮೂಳೆಯ ಕೀವೂ ಇಲ್ಲ, ಸೋರಿಯಾಸಿಸ್ಸೂ ಇಲ್ಲ ಎನ್ನುತ್ತಾರೆ. ಔಷಧವೆಂದೇ ಒಪ್ಪಿದರೆ ಅದನ್ನು ಯಾರು ಸೇವಿಸುತ್ತಾರೆ ಎಂದು ಕೇಳಲೇಬೇಕು. ತನ್ನ ರೂಪಕ್ಕೆ ಮರುಳಾದವನಿಗೆ ಹೇಳಿದ ಮಾತು ತನ್ನ ರೂಪಕ್ಕೆ ಹೇಸಿ ಕನ್ನಡಿ ಮುಚ್ಚಿಟ್ಟವಳ ಕಿವಿಗೂ ಬೀಳುತ್ತದೆ, ಅಲ್ಲಿ ಅದು ವಿಷ. ಇನ್ನು ಆತ್ಮದ ಮಾತು. ಆತ್ಮ ದೇಹಕ್ಕಿಂತ ಬೇರೆ ಎಂದು ಎಲ್ಲರಿಗಿಂತ ಗಟ್ಟಿಯಾಗಿ ವಾದಿಸಿದ ನೈಯಾಯಿಕರೇ ಚರ್ಮವನ್ನು ಅಷ್ಟು ಹಗುರವಾಗಿ ಕಾಣಲಿಲ್ಲ. ನ್ಯಾಯಸೂತ್ರದ ಮೂರನೆಯ ಅಧ್ಯಾಯದಲ್ಲಿ ಒಂದು ಪೂರ್ವಪಕ್ಷ ಬರುತ್ತದೆ: ಇಂದ್ರಿಯ ಇರುವುದು ಒಂದೇ, ಅದು ತ್ವಕ್, ಅಂದರೆ ಚರ್ಮ, ಏಕೆಂದರೆ ಕಣ್ಣು, ಕಿವಿ, ಮೂಗುಗಳ ನೆಲೆಯಲ್ಲೆಲ್ಲ ಅದೇ ವ್ಯಾಪಿಸಿದೆ. ಸೂತ್ರಕಾರ ಗೌತಮ ಅದನ್ನು ಖಂಡಿಸಿದ, ನಿಜ. ಆದರೆ ನಂತರದವರು ಇನ್ನೂ ಸೂಕ್ಷ್ಮವಾದ ಒಂದು ಮಾತನ್ನು ಸ್ಥಾಪಿಸಿದರು. ಮನಸ್ಸು ಚರ್ಮೇಂದ್ರಿಯದೊಡನೆ ಕೂಡಿರುವ ತನಕ ಮಾತ್ರ ಜ್ಞಾನ ಹುಟ್ಟುತ್ತದೆ, ಯಾವ ಜ್ಞಾನವಾದರೂ. ಗಾಢನಿದ್ದೆಯಲ್ಲಿ ಮನಸ್ಸು ಪುರೀತತ್ ಎಂಬ ನಾಡಿಯನ್ನು ಹೊಗುತ್ತದೆ, ಅಲ್ಲಿ ತ್ವಕ್ಕಿಲ್ಲ, ಹಾಗಾಗಿ ಅರಿವೂ ಇಲ್ಲ. 17ನೆಯ ಶತಮಾನದ ವಿಶ್ವನಾಥ ತನ್ನ ಕಾರಿಕಾವಲಿಯಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದ. ಅವರ ಶರೀರಶಾಸ್ತ್ರ ಇಂದಿನದಲ್ಲ, ಆ ನಾಡಿಯನ್ನು ಯಾವ ಸರ್ಜನ್ನೂ ಕಾಣಲಾರ. ಆದರೆ ನಿತ್ಯನಾದ ಆತ್ಮವನ್ನು ಒಪ್ಪಿದ ಮೇಲೂ ಅದರ ಅರಿವಿಗೆ ಚರ್ಮದ ನಂಟು ಬೇಕೇ ಬೇಕು ಎಂದು ತರ್ಕದಿಂದ ಕಂಡುಕೊಂಡರಲ್ಲ, ಅದು ಮುಖ್ಯ. ಒಳಗನ್ನು ಎತ್ತಿಹಿಡಿಯಲು ಹೊರಗನ್ನು ತುಳಿಯಲೇಬೇಕೆಂಬ ನಿಯಮ ನಮ್ಮ ದರ್ಶನಗಳಲ್ಲಿ ಎಲ್ಲ ಕಡೆ ಇರಲಿಲ್ಲ.

ಮೂರನೆಯ ಆಕ್ಷೇಪ ವೈದ್ಯರಿಂದಲೇ ಬರಬಹುದು, ಮತ್ತು ಅದು ನ್ಯಾಯವಾದದ್ದು: ನೀವು ಭಯ ಹುಟ್ಟಿಸುತ್ತಿದ್ದೀರಿ. ಚರ್ಮರೋಗವಿರುವ ಬಹುಪಾಲು ಮಂದಿ ಹೃದಯದ ಆಪರೇಷನ್ ಮಾಡಿಸಿಕೊಂಡು ಆರಾಮಾಗಿ ಮನೆಗೆ ಹೋಗುತ್ತಾರೆ. ಸೋರಿಯಾಸಿಸ್‌ನಿಂದ ಶಸ್ತ್ರಚಿಕಿತ್ಸೆಯ ಸೋಂಕು ಎಷ್ಟು ಹೆಚ್ಚುತ್ತದೆ ಎಂಬುದರಲ್ಲಿ ಅಧ್ಯಯನಗಳೆಲ್ಲ ಒಂದೇ ಮಾತಾಡಿಲ್ಲ. ಸಕ್ಕರೆ ಕಾಯಿಲೆ, ಬೊಜ್ಜು, ಸಿಗರೇಟು ಇದಕ್ಕಿಂತ ದೊಡ್ಡ ಶತ್ರುಗಳು. ಇದೆಲ್ಲ ನಿಜ. ಆದರೆ ಆ ಬಹುಪಾಲು ಮಂದಿ ಆರಾಮಾಗಿ ಹೋಗುವುದು ಚರ್ಮವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ. ಕೊಯ್ಯುವ ಜಾಗದಲ್ಲಿ ಹೊಪ್ಪಳೆ ಇದೆಯೇ ಎಂದು ಮೊದಲೇ ನೋಡಿ, ತುರ್ತಿಲ್ಲದಿದ್ದರೆ ಕೆಲವು ವಾರ ಕಾದು, ಚರ್ಮತಜ್ಞರಿಂದ ಹಿಡಿತಕ್ಕೆ ತರಿಸಿ, ಮೂಗಿಗೆ ಮ್ಯುಪಿರೋಸಿನ್ ಮುಲಾಮು ಹಚ್ಚಿ ಕ್ಲೋರ್‌ಹೆಕ್ಸಿಡಿನ್ ಸ್ನಾನ ಮಾಡಿಸಿದರೆ ಅಪಾಯ ಇಳಿಯುತ್ತದೆ. ಮೂಗಿನಲ್ಲಿ ಸ್ಟೆಫೈಲೊಕಾಕಸ್ ಹೊತ್ತವರಿಗೆ ಹೀಗೆ ಮಾಡಿದಾಗ ಆಪರೇಷನ್ ನಂತರದ ಸೋಂಕು ಗಮನಾರ್ಹವಾಗಿ ತಗ್ಗಿದ್ದನ್ನು ನೆದರ್ಲೆಂಡ್ಸಿನ ಸಂಶೋಧಕರು 2010ರಲ್ಲಿ ತೋರಿಸಿದ್ದಾರೆ. ಇಂಥ ಸಿದ್ಧತೆಗೆ ಮನೆಯವರೇ ಅಡ್ಡಿಯಾಗುವುದುಂಟು: ಮೊದಲು ಹಾರ್ಟ್ ಆಗಲಿ, ಚರ್ಮದ್ದು ಆಮೇಲೆ ನೋಡಿಕೊಳ್ಳೋಣ. ಈ ಮಾತಿನಲ್ಲಿ ಉಪನಿಷತ್ತಿನಿಂದ ಪ್ರವಚನದ ತನಕ ಇಳಿದುಬಂದ ಇಡೀ ಶ್ರೇಣಿ ಇದೆ, ಹೇಳುವವರಿಗೆ ಗೊತ್ತಿಲ್ಲದಿದ್ದರೂ.

ನಾಚಿಕೆಯ ಪಾಲು ಇನ್ನೂ ದೊಡ್ಡದು. ವರ್ಷಗಳಿಂದ ತುಂಬುತೋಳಿನ ಅಂಗಿ, ಕತ್ತಿನವರೆಗೆ ಸೆರಗು, ಮದುವೆ ಮುಂಜಿಗಳಿಗೆ ನೆಪ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಂಡ ಸ್ಟಿರಾಯ್ಡ್ ಮುಲಾಮು, ಯಾರೋ ಕೊಟ್ಟ ಹೆಸರಿಲ್ಲದ ಮಾತ್ರೆ. ಹೃದಯದ ಡಾಕ್ಟರು ಬೇರೇನಾದರೂ ಔಷಧ ತಗೊಳ್ತಿದ್ದೀರಾ ಎಂದರೆ ಇಲ್ಲ ಎಂಬ ಉತ್ತರ. ಹೇಳಿದರೆ ಕಾಯಿಲೆಯ ಜೊತೆ ಕಳಂಕವನ್ನೂ ಒಪ್ಪಿಕೊಂಡಂತೆ. ಆಪರೇಷನ್ನಿಗೆ ಹೆದರಿ ಆ ಮಾತ್ರೆಯನ್ನು ಒಮ್ಮೆಗೇ ಬಿಟ್ಟಿದ್ದರೆ, ಮತ್ತು ಅದರಲ್ಲಿ ಸ್ಟಿರಾಯ್ಡ್ ಇದ್ದಿದ್ದರೆ, ಅಡ್ರಿನಲ್ ಗ್ರಂಥಿ ಬೇಕಾದ ಹಾರ್ಮೋನು ತಯಾರಿಸುವ ಶಕ್ತಿ ಕಳೆದುಕೊಂಡಿರಬಹುದು. ಐಸಿಯುನಲ್ಲಿ ರಕ್ತದೊತ್ತಡ ಕುಸಿದಾಗ ವೈದ್ಯರು ಕಾರಣ ಹುಡುಕಿ ತಡಕಾಡಬೇಕು. ಒಂದೆರಡು ವಾರ ಕಳೆದರೆ ಅದುಮಿಟ್ಟಿದ್ದ ಸೋರಿಯಾಸಿಸ್ ಮೊದಲಿಗಿಂತ ಉಗ್ರವಾಗಿ ಏಳಬಹುದು. ಪಾಪದಿಂದ ರೋಗ ಬರುತ್ತದೆಂದು ತೋರಿಸಿಕೊಟ್ಟವರಿಲ್ಲ. ರೋಗವನ್ನು ಪಾಪವೆಂದು ಎಣಿಸುವುದರಿಂದ ರೋಗ ಬಿಗಡಾಯಿಸುವುದನ್ನು ಮಾತ್ರ ಮಾನಿಟರಿನ ಅಂಕಿಗಳಲ್ಲಿ ನೋಡಬಹುದು. ಒಂದು ನಂಬಿಕೆ ಹೀಗೆ ದೇಹದೊಳಗೆ ಕಾರಣವಾಗಿ ಕೆಲಸ ಮಾಡತೊಡಗಿದ ಮೇಲೆ ಅದು ಅವರವರ ಭಾವಕ್ಕೆ ಬಿಟ್ಟದ್ದು ಎಂದು ಕೈಕಟ್ಟಿ ಕೂರುವಂತಿಲ್ಲ.

ಉಳಿದದ್ದು ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ. ಕರ್ಮದ ಮಾತು ಬರೀ ಬೈಗುಳವಲ್ಲ, ಎಷ್ಟೋ ರೋಗಿಗಳಿಗೆ ಅದೇ ಆಸರೆ. ಅನುಭವಿಸಿ ತೀರಿಸಿಬಿಡುತ್ತೇನೆ ಎಂಬ ಧೈರ್ಯದಲ್ಲಿ ಅವರು ರಾತ್ರಿ ಕಳೆಯುತ್ತಾರೆ, ಅದನ್ನೂ ಕಿತ್ತುಕೊಳ್ಳಬೇಕೆ? ಬೇಡ. ಆದರೆ ತನ್ನ ನೋವಿಗೆ ತಾನೇ ಅರ್ಥ ಕೊಟ್ಟುಕೊಳ್ಳುವುದು ಬೇರೆ, ಇನ್ನೊಬ್ಬರ ನೋವಿಗೆ ಅರ್ಥ ಹೇಳುವುದು ಬೇರೆ. ಧರ್ಮಗ್ರಂಥಗಳೇ ಈ ಗೆರೆ ಎಳೆದಿವೆ. ಬೈಬಲ್ಲಿನ ಯೋಬನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಹುಣ್ಣೆದ್ದಾಗ ಗೆಳೆಯರು ಬಂದು ಅಧ್ಯಾಯಗಟ್ಟಲೆ ವಾದಿಸುತ್ತಾರೆ: ನೀನು ಏನೋ ಮಾಡಿರಲೇಬೇಕು. ಅವರ ತರ್ಕ ಧಾರ್ಮಿಕವಾಗಿ ನೆಟ್ಟಗೇ ಇದೆ. ಕೊನೆಗೆ ದೇವರ ಕೋಪ ತಿರುಗುವುದು ಮಾತ್ರ ಆ ಗೆಳೆಯರ ಮೇಲೆ. ನಮ್ಮಲ್ಲೇ, ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಒಂದು ಸನತ್ಕುಮಾರ ಚಕ್ರವರ್ತಿಯದು. ದೇವತೆಗಳು ನೋಡಲು ಬರುವಷ್ಟು ಚೆಲುವನಾಗಿದ್ದವನು ರಾಜ್ಯ ಬಿಟ್ಟು ತಪಸ್ಸಿಗೆ ನಿಂತು, ಮೈಗೆ ಬಂದ ಘೋರ ರೋಗಗಳನ್ನು ಸಹಿಸುತ್ತಾನೆ. ವೈದ್ಯರ ವೇಷದಲ್ಲಿ ದೇವತೆಗಳು ಬಂದಾಗ ತನಗೆ ವಾಸಿಯಾಗಬೇಕಾದದ್ದು ಸಂಸಾರವೆಂಬ ರೋಗ ಎನ್ನುತ್ತಾನೆ. ಆ ಮಾತಿಗೆ ತೂಕ ಬಂದದ್ದು ಅದನ್ನು ಆಡಿದವನು ರೋಗಿಯೇ ಆದ್ದರಿಂದ, ಅದಕ್ಕೂ ಮೊದಲು ವೈದ್ಯರು ಬಂದು ಕೇಳಿದ್ದರಿಂದ. ಎದೆಯ ಹೊಲಿಗೆ ಒಣಗಲೆಂದು ಕಾಯುತ್ತಿರುವವರು ಸನತ್ಕುಮಾರನಂತೆ ಸಹಿಸಬಹುದು, ಯೋಬನಂತೆ ದೇವರೊಡನೆ ಜಗಳಕ್ಕಿಳಿಯಬಹುದು, ಕುಕ್ಕೆ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತು ಚರ್ಮತಜ್ಞರ ಮುಲಾಮನ್ನೂ ಹಚ್ಚಿಕೊಳ್ಳಬಹುದು. ಅದು ಅವರಿಗೂ ಅವರ ದೇವರಿಗೂ ಸಂಬಂಧಿಸಿದ್ದು. ಮಂಚದ ಪಕ್ಕ ನಿಂತವರಿಗೆ ಆ ಪ್ರಕರಣದಲ್ಲಿ ವಕಾಲತ್ತಿಲ್ಲ.